ಕಾಣದವನ ಹೆಜ್ಜೆಗುರುತು

(ದತ್ತಿ ಉಪನ್ಯಾಸದ ಪಠ್ಯ)



ವಿಜ್ಞಾನಕ್ಕೂ ಬದುಕಿಗೂ ಇರುವ ನಂಟನ್ನು ಕುರಿತು ವರ್ಷಕ್ಕೊಂದು ಮಾತು ನಡೆಯಬೇಕು ಎಂಬುದು ಈ ದತ್ತಿಯ ಆಶಯ. ಭೌತಶಾಸ್ತ್ರ ಪಾಠ ಮಾಡುತ್ತಲೇ ತಲೆ ನೆರೆತ ನಾನು ಈ ಹೊತ್ತು ಒಂದು ಕಾದಂಬರಿಯನ್ನು ಹಿಡಿದುಕೊಂಡು ಬಂದಿದ್ದೇನೆ. ಎಚ್. ಜಿ. ವೆಲ್ಸ್ ಅವರ ‘ದಿ ಇನ್‌ವಿಸಿಬಲ್ ಮ್ಯಾನ್’. 1897ರಲ್ಲಿ ಲಂಡನ್ನಿನ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು ಅದೇ ವರ್ಷ ಪುಸ್ತಕವಾದ ಕೃತಿ ಇದು. ಮಕ್ಕಳ ಕಪಾಟಿನಲ್ಲಿ, ಸಂಕ್ಷಿಪ್ತ ರೂಪದಲ್ಲಿ, ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡ ಮನುಷ್ಯನ ಚಿತ್ರದೊಂದಿಗೆ ನಮ್ಮಲ್ಲಿ ಬಹಳ ಜನ ಇದನ್ನು ಕಂಡಿರುತ್ತಾರೆ. ಪೂರ್ತಿ ಓದಿದವರು ಕಡಿಮೆ. ವಿಜ್ಞಾನ ಕಲಿಯುವ ಪ್ರತಿಯೊಬ್ಬರೂ ಇದನ್ನು ಪೂರ್ತಿ ಓದಬೇಕು ಎನ್ನುವುದು ನನ್ನ ಬಲವಾದ ನಂಬಿಕೆ.

ವೆಲ್ಸ್ 1866ರಲ್ಲಿ ಕೆಂಟ್‌ನ ಬ್ರೊಮ್ಲಿಯಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಬಟ್ಟೆ ಅಂಗಡಿಯಲ್ಲಿ ದುಡಿದು, ಆಮೇಲೆ ವಿದ್ಯಾರ್ಥಿವೇತನದ ಬಲದಿಂದ ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ಗೆ ಬಂದು ಟಿ. ಎಚ್. ಹಕ್ಸ್‌ಲಿಯವರ ಕೈಕೆಳಗೆ ಜೀವವಿಜ್ಞಾನ ಕಲಿತರು. ಕಾದಂಬರಿಕಾರರಾಗಿ ಹೆಸರು ಮಾಡುವ ಮೊದಲೇ, 1893ರಲ್ಲಿ, ಜೀವವಿಜ್ಞಾನದ ಪಠ್ಯಪುಸ್ತಕ ಬರೆದವರು. ಹಾಗಾಗಿ ಒಬ್ಬ ವಿಜ್ಞಾನಿ ಹೇಗೆ ಹಾಳಾಗುತ್ತಾನೆ ಎಂದು ಅವರು ಬರೆದಾಗ ಅದು ಹೊರಗೆ ನಿಂತವರ ಮಾತಲ್ಲ. ಆ ಮನೆಯಲ್ಲೇ ಉಂಡು ಬೆಳೆದವರ ಮಾತು.

ಕಥೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಫೆಬ್ರವರಿಯ ಹಿಮದಲ್ಲಿ ಐಪಿಂಗ್ ಎಂಬ ಇಂಗ್ಲೆಂಡಿನ ಹಳ್ಳಿಯ ವಸತಿಗೃಹಕ್ಕೆ ಒಬ್ಬ ಅಪರಿಚಿತ ಬರುತ್ತಾನೆ. ಮೈತುಂಬ ಬಟ್ಟೆ, ಮುಖಕ್ಕೆ ಬ್ಯಾಂಡೇಜು, ಕಣ್ಣಿಗೆ ಕಪ್ಪು ಕನ್ನಡಕ. ಆತನ ಪೆಟ್ಟಿಗೆಗಳ ತುಂಬ ಸೀಸೆಗಳು, ಟಿಪ್ಪಣಿ ಪುಸ್ತಕಗಳು. ಆತ ಅದೃಶ್ಯನಾಗಿದ್ದಾನೆ, ಮತ್ತೆ ಕಾಣಿಸಿಕೊಳ್ಳುವ ದಾರಿಗಾಗಿ ತಡಕಾಡುತ್ತಿದ್ದಾನೆ. ದುಡ್ಡು ಮುಗಿಯುತ್ತದೆ, ಪಾದ್ರಿಯ ಮನೆಯಲ್ಲಿ ಕಳ್ಳತನ ಮಾಡುತ್ತಾನೆ, ಗುಟ್ಟು ರಟ್ಟಾಗುತ್ತದೆ. ಮಾರ್ವೆಲ್ ಎಂಬ ಅಲೆಮಾರಿಯನ್ನು ಹೆದರಿಸಿ ಹೊರೆಯಾಳು ಮಾಡಿಕೊಳ್ಳುತ್ತಾನೆ. ಅವನು ಪುಸ್ತಕಗಳ ಸಮೇತ ಓಡಿಹೋಗುತ್ತಾನೆ. ಗಾಯಗೊಂಡ ಅದೃಶ್ಯ ಮನುಷ್ಯ ಬರ್ಡಾಕ್ ಎಂಬಲ್ಲಿ ಡಾಕ್ಟರ್ ಕೆಂಪ್ ಎಂಬಾತನ ಮನೆ ಹೊಗುತ್ತಾನೆ. ಕೆಂಪ್ ಅವನ ಕಾಲೇಜಿನ ಪರಿಚಯಸ್ಥ. ಆ ಮನೆಯಲ್ಲಿ ಮೊದಲ ಸಲ ಅವನಿಗೊಂದು ಹೆಸರು ಸಿಗುತ್ತದೆ: ಗ್ರಿಫಿನ್. ಅರ್ಧಕ್ಕಿಂತ ಹೆಚ್ಚು ಪುಸ್ತಕ ಮುಗಿಯುವವರೆಗೂ ಓದುಗರಿಗೆ ಹೆಸರನ್ನೇ ಕೊಡದೆ ವೆಲ್ಸ್ ಅವನನ್ನು ನಡೆಸಿಕೊಂಡು ಬಂದಿದ್ದಾರೆ.

ಈಗ ಸ್ವಲ್ಪ ಭೌತಶಾಸ್ತ್ರ. ಮೇಜಿನ ಮೇಲೆ ಎರಡು ಬೀಕರುಗಳಿವೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಗ್ಲಿಸರಿನ್. ಕೈಯಲ್ಲಿರುವುದು ಬೋರೋಸಿಲಿಕೇಟ್ ಗಾಜಿನ ಕಡ್ಡಿ. ನೀರಿನಲ್ಲಿ ಅದ್ದುತ್ತೇನೆ, ಅಂಚು ಮಸುಕಾಯಿತು, ಆದರೂ ಕಡ್ಡಿ ಕಾಣುತ್ತದೆ. ಒರೆಸಿ ಗ್ಲಿಸರಿನ್‌ನಲ್ಲಿ ಅದ್ದುತ್ತೇನೆ. ಮುಂದಿನ ಸಾಲಿನವರು ಹತ್ತಿರ ಬಂದು ನೋಡಿ. ದ್ರವದ ಮೇಲೆ ಕಡ್ಡಿಯಿದೆ, ದ್ರವದ ಒಳಗೆ ಇಲ್ಲ. ಅಲುಗಾಡಿಸಿದಾಗ ಅಂಟಿಕೊಂಡ ಒಂದು ಗಾಳಿಗುಳ್ಳೆ ಮಾತ್ರ ಆಧಾರವಿಲ್ಲದೆ ಓಡಾಡಿದಂತೆ ಕಾಣುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ಗ್ಲಿಸರಿನ್ನಿನದೂ ಈ ಗಾಜಿನದೂ ಸುಮಾರು 1.47. ಎರಡು ವಸ್ತುಗಳ ಸೂಚ್ಯಂಕ ಒಂದೇ ಆದಾಗ ಅವುಗಳ ಗಡಿಯಲ್ಲಿ ಬೆಳಕು ಬಾಗುವುದಿಲ್ಲ, ಪ್ರತಿಫಲಿಸುವುದೂ ಇಲ್ಲ. ಗಡಿಯೇ ಇಲ್ಲವೆಂಬಂತೆ ಹಾದುಹೋಗುತ್ತದೆ.

ಗ್ರಿಫಿನ್ ಕೆಂಪ್‌ಗೆ ಹೇಳುವುದು ಇದನ್ನೇ. ಗಾಜನ್ನು ಪುಡಿ ಮಾಡಿದರೆ ಬೆಳ್ಳಗೆ ಕಾಣುತ್ತದೆ, ಅದೇ ಪುಡಿಯನ್ನು ನೀರಿಗೆ ಹಾಕಿದರೆ ಹೆಚ್ಚುಕಡಿಮೆ ಮಾಯವಾಗುತ್ತದೆ. ಬಿಳಿ ಕಾಗದಕ್ಕೆ ಎಣ್ಣೆ ಸವರಿದರೆ ಅದರಾಚೆಯದು ಕಾಣುತ್ತದೆ. ರಕ್ತದ ಕೆಂಪು, ಕೂದಲಿನ ಕಪ್ಪು, ಇಂಥ ಬಣ್ಣಗಳನ್ನು ಬಿಟ್ಟರೆ ಮನುಷ್ಯನ ಮೈ ಕೂಡ ಬಣ್ಣವಿಲ್ಲದ, ಪಾರದರ್ಶಕವಾಗಬಲ್ಲ ಅಂಗಾಂಶವೇ. ಗ್ರಿಫಿನ್ ಹುಟ್ಟಿನಿಂದಲೇ ಹೆಚ್ಚುಕಡಿಮೆ ವರ್ಣಹೀನ, ಬಿಳಿ ಕೂದಲು, ಕೆಂಪು ಕಣ್ಣು. ಅವನಿಗೆ ತನ್ನ ದೇಹವೇ ಅರ್ಧ ಕೆಲಸ ಮಾಡಿಕೊಟ್ಟಿತ್ತು. ಈ ವಾದದಲ್ಲಿ ಕಲ್ಪನೆ ಒಂದು ಕಡೆ ಮಾತ್ರ ಸೇರುತ್ತದೆ: ಜೀವಂತ ದೇಹದ ಸೂಚ್ಯಂಕವನ್ನು ಗಾಳಿಯ ಮಟ್ಟಕ್ಕೆ, ಅಂದರೆ ಒಂದಕ್ಕೆ, ಇಳಿಸಬಹುದು ಎಂಬಲ್ಲಿ. ಉಳಿದದ್ದೆಲ್ಲ ಪಿಯುಸಿ ಪಾಠ.

2024ರ ಸೆಪ್ಟೆಂಬರ್‌ನಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಡಿತಿನಿಸಿಗೆ ಹಾಕುವ ಟಾರ್ಟ್ರಾಜೀನ್ ಎಂಬ ಹಳದಿ ಬಣ್ಣದ ದ್ರಾವಣವನ್ನು ಇಲಿಯ ಚರ್ಮಕ್ಕೆ ಸವರಿದರೆ ಒಳಗಿನ ಅಂಗಗಳು ಕಾಣುತ್ತವೆ, ನೀರಿನಲ್ಲಿ ತೊಳೆದರೆ ಚರ್ಮ ಮೊದಲಿನಂತಾಗುತ್ತದೆ. ಆ ಬಣ್ಣ ನೀರಿನ ಸೂಚ್ಯಂಕವನ್ನು ಏರಿಸಿ ಕೊಬ್ಬಿನ ಸೂಚ್ಯಂಕದ ಹತ್ತಿರ ತರುತ್ತದೆ. ವೆಲ್ಸ್ ಇಳಿಸಲು ಹೊರಟರು, ಇವರು ಏರಿಸಿದರು. ತತ್ತ್ವ ಒಂದೇ. ಅದನ್ನು ಓದಿದ ದಿನ ನಾನು ಕಾದಂಬರಿಯನ್ನು ಮತ್ತೆ ತೆಗೆದು ಕೂತೆ.

ಇನ್ನೊಂದು ಸಂಗತಿ ಇದೆ, ನನಗೆ ಇಡೀ ಪುಸ್ತಕದ ತಿರುಳು ಅಲ್ಲೇ ಇದೆ ಅನ್ನಿಸುತ್ತದೆ. ಪೂರ್ತಿ ಅದೃಶ್ಯನಾದವನಿಗೆ ಕಣ್ಣು ಕಾಣಿಸುವುದಿಲ್ಲ. ನೋಡಬೇಕಾದರೆ ಕಣ್ಣಿನ ಹಿಂದಿನ ಪೊರೆ ಬೆಳಕನ್ನು ಹಿಡಿದು ನಿಲ್ಲಿಸಬೇಕು. ಬೆಳಕು ನಿಂತ ಜಾಗ ಎದುರಿನವರಿಗೆ ಕಪ್ಪಾಗಿ ಕಾಣಲೇಬೇಕು. ಬೆಳಕನ್ನೆಲ್ಲ ಬಿಟ್ಟುಕೊಟ್ಟವನು ಕುರುಡ. ವೆಲ್ಸ್‌ಗೆ ಇದು ಗೊತ್ತಿತ್ತು, ಗೆಳೆಯ ಆರ್ನಾಲ್ಡ್ ಬೆನೆಟ್‌ಗೆ ಬರೆದ ಪತ್ರದಲ್ಲಿ ಈ ತೊಡಕನ್ನು ಒಪ್ಪಿಕೊಂಡಿದ್ದರು. ಕಾದಂಬರಿಯಲ್ಲೂ ಅದರ ಸುಳಿವಿದೆ. ಗ್ರಿಫಿನ್ ತನ್ನ ಮೇಲೆ ಪ್ರಯೋಗ ಮಾಡಿಕೊಂಡ ಮರುಬೆಳಗ್ಗೆ ಕನ್ನಡಿ ನೋಡುತ್ತಾನೆ. ಮುಖವಿಲ್ಲ. ಕಣ್ಣಿರಬೇಕಾದ ಕಡೆ ಮಂಜಿಗಿಂತ ತೆಳ್ಳನೆಯ ಒಂದಿಷ್ಟು ಬಣ್ಣ ಮಾತ್ರ ಉಳಿದಿದೆ. ಆ ತುಸು ಬಣ್ಣದ ಬಲದ ಮೇಲೆ ಅವನು ಲೋಕವನ್ನು ನೋಡುತ್ತಾನೆ. ಯಾರಿಗೂ ಕಾಣದೆ ಎಲ್ಲವನ್ನೂ ನೋಡುತ್ತೇನೆ ಎಂಬ ಆಸೆ ನೀತಿಗಿಂತ ಮೊದಲು ಬೆಳಕಿನ ನಿಯಮಕ್ಕೇ ವಿರುದ್ಧವಾದದ್ದು.

ಗ್ರಿಫಿನ್ ಕೆಟ್ಟದ್ದು ಎಲ್ಲಿಂದ? ಅದೃಶ್ಯನಾದ ಮೇಲೆ ಕೆಟ್ಟ ಎಂದು ಹೆಚ್ಚಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೈ ಮಾಯವಾಗುವುದಕ್ಕೆ ವರ್ಷಗಳ ಹಿಂದೆಯೇ ಅವನು ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡಿದ್ದ. ಲಂಡನ್ ಬಿಟ್ಟು ಚೆಸಿಲ್‌ಸ್ಟೋ ಎಂಬ ಊರಿನ ಕಾಲೇಜಿನಲ್ಲಿ ಪ್ರಯೋಗ ತೋರಿಸುವ ಸಹಾಯಕನಾಗಿದ್ದ ದಿನಗಳವು. ಪ್ರೊಫೆಸರ್ ಆಲಿವರ್ ಮೇಲೆ ಅವನಿಗೆ ಗುಮಾನಿ: ಆತ ಇತರರ ವಿಚಾರ ಕದಿಯುವವನು, ಸದಾ ಇಣುಕುವವನು. ಪ್ರಕಟಿಸಿದರೆ ಕೀರ್ತಿಯಲ್ಲಿ ಪಾಲು ಕೊಡಬೇಕಾದೀತು. ಹಾಗಾಗಿ ಸೂತ್ರವನ್ನು ಯಾರಿಗೂ ಹೇಳಲಿಲ್ಲ. ಒಂದು ರಾತ್ರಿ ದೀಪದ ಬೆಳಕಿನಲ್ಲಿ ಒಬ್ಬನೇ ಇದ್ದಾಗ ದಾರಿ ಹೊಳೆಯಿತು. ಅವನಿಗೆ ಕಂಡದ್ದು ಗೂಢತೆ, ಅಧಿಕಾರ, ಸ್ವಾತಂತ್ರ್ಯ. ಕುಂದು ಒಂದೂ ಕಾಣಲಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ನಾನು ಮೊದಲ ಸಲ ಆ ಪುಟ ಓದಿ ಮುಂದೆ ಹೋಗಲಾಗದೆ ಕುಳಿತದ್ದು ನೆನಪಿದೆ. ಇನ್ನೊಬ್ಬ ಮನುಷ್ಯ ಆ ಕೋಣೆಯಲ್ಲಿ ಇದ್ದಿದ್ದರೆ, ಚಳಿಗೆ ಏನು ಮಾಡುತ್ತೀಯಪ್ಪ, ಉಟ್ಟ ಬಟ್ಟೆ ಕಾಣುವುದಿಲ್ಲವೆ, ಎಂದು ಕೇಳಿಬಿಡುತ್ತಿದ್ದ. ಶಾಲೆಯ ಹುಡುಗ ಕೇಳುವ ಪ್ರಶ್ನೆ. ಕೇಳಲು ಯಾರೂ ಇರಲಿಲ್ಲ.

ಪುಸ್ತಕ ಬರುವುದಕ್ಕೆ ಎರಡು ವರ್ಷ ಮುಂಚೆ, 1895ರ ನವೆಂಬರ್ 8ರಂದು, ಜರ್ಮನಿಯ ವೂರ್ಟ್ಸ್‌ಬರ್ಗ್‌ನಲ್ಲಿ ಭೌತವಿಜ್ಞಾನಿ ರಂಟ್‌ಜೆನ್ ಹೊಸ ಕಿರಣಗಳನ್ನು, ಅಂದರೆ ಎಕ್ಸ್ ಕಿರಣಗಳನ್ನು, ಕಂಡಿದ್ದರು. ಅವರೂ ಕೆಲವು ವಾರ ಬಾಗಿಲು ಹಾಕಿಕೊಂಡೇ ಕೆಲಸ ಮಾಡಿದರು. ಕಂಡದ್ದು ನಿಜವೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು. ವರ್ಷ ಮುಗಿಯುವುದರೊಳಗೆ ಪ್ರಕಟಿಸಿದರು, ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಬಂದಾಗ ಹಣವನ್ನು ತಮ್ಮ ವಿಶ್ವವಿದ್ಯಾಲಯಕ್ಕೆ ಕೊಟ್ಟರು. ಗ್ರಿಫಿನ್ ತನ್ನ ಉಪಕರಣವನ್ನು ವಿವರಿಸುವಾಗ, ಇವು ರಂಟ್‌ಜೆನ್ ಕಿರಣಗಳಲ್ಲ, ಬೇರೆಯವು ಎನ್ನುತ್ತಾನೆ. ಆ ಒಂದು ಸಾಲಿನಲ್ಲಿ ವೆಲ್ಸ್ ಎರಡು ಬಗೆಯ ವಿಜ್ಞಾನಿಗಳನ್ನು ಅಕ್ಕಪಕ್ಕ ನಿಲ್ಲಿಸಿದ್ದಾರೆ ಎಂದು ನಾನು ಓದಿಕೊಳ್ಳುತ್ತೇನೆ. ಪರೀಕ್ಷೆಗಾಗಿ ಹಾಕಿದ ಬಾಗಿಲು ಬೇರೆ, ಸ್ವಾಧೀನಕ್ಕಾಗಿ ಹಾಕಿದ ಬಾಗಿಲು ಬೇರೆ.

ಗುಟ್ಟಿಗೆ ಹಣ ಬೇಕು. ಗ್ರಿಫಿನ್ ತಂದೆಯ ಹಣ ಕದ್ದ. ಆ ಹಣ ತಂದೆಯದೂ ಆಗಿರಲಿಲ್ಲ, ಬೇರೆಯವರದು. ಮುದುಕ ಗುಂಡು ಹೊಡೆದುಕೊಂಡು ಸತ್ತ. ಮೂಳೆ ಕೊರೆಯುವ ಗಾಳಿ ಬೀಸುವ ಗುಡ್ಡದ ಮೇಲೆ ಅಗ್ಗದ ಶವಸಂಸ್ಕಾರ. ತಂದೆಯ ಹಳೆಯ ಗೆಳೆಯನೊಬ್ಬ, ಬಾಗಿದ ಬೆನ್ನು, ಸವೆದ ಕಪ್ಪು ಬಟ್ಟೆ, ನೆಗಡಿಯಿಂದ ಸುರಿಯುವ ಮೂಗು, ಅಲ್ಲಿ ನಿಂತಿದ್ದಾನೆ. ಮಗನಿಗೆ ಒಂದಿಷ್ಟೂ ನೋವಿಲ್ಲ. ತಂದೆ ತನ್ನದೇ ಭಾವುಕತೆಗೆ ಬಲಿಯಾದ ಎಂದು ತೀರ್ಮಾನಿಸುತ್ತಾನೆ. ಹಿಂದಿರುಗುವಾಗ ಒಂದು ಕಾಲಕ್ಕೆ ಪರಿಚಯವಿದ್ದ ಹುಡುಗಿ ಎದುರಾಗುತ್ತಾಳೆ. ಮಾತಾಡಿಸುತ್ತಾನೆ, ತೀರ ಸಾಧಾರಣದವಳು ಅನ್ನಿಸುತ್ತದೆ. ಚೆಸಿಲ್‌ಸ್ಟೋ ಬಿಟ್ಟು ಲಂಡನ್ನಿನಲ್ಲಿ ಹಿಡಿದಿದ್ದ ಬಾಡಿಗೆ ಕೋಣೆಗೆ ಮರಳಿ ತನ್ನ ಉಪಕರಣಗಳನ್ನು ಕಂಡಾಗಲೇ ಅವನಿಗೆ ಎದೆ ತುಂಬುವುದು. ಈ ಹೊತ್ತಿಗೆ ಅವನ ಮೈ ಎಲ್ಲರಿಗೂ ಕಾಣುತ್ತಿದೆ ಎಂಬುದನ್ನು ಮರೆಯಬಾರದು. ಬೀದಿಯಲ್ಲಿ ಕಂಡವರು ಅವನನ್ನು ತಂದೆ ಸತ್ತ ಒಬ್ಬ ಯುವಕನೆಂದೇ ನೋಡಿರುತ್ತಾರೆ.

ಪ್ರಯೋಗ ಮೊದಲು ಬಿಳಿ ಉಣ್ಣೆ ಬಟ್ಟೆಯ ತುಂಡಿನ ಮೇಲೆ ನಡೆಯಿತು, ಆಮೇಲೆ ಕೆಳಗಿನ ಮಹಡಿಯ ಮುದುಕಿಯೊಬ್ಬಳ ಬಿಳಿ ಬೆಕ್ಕಿನ ಮೇಲೆ. ಆ ಬೆಕ್ಕಿನ ಪುಟಗಳನ್ನು ನಾನು ನಿಧಾನವಾಗಿ ಓದುತ್ತೇನೆ. ರಕ್ತದ ಬಣ್ಣ ತೆಗೆಯುವ ಔಷಧಿ ಕುಡಿಸಿ, ಮತ್ತು ಬರಿಸಿ, ಕಟ್ಟಿ ಮಲಗಿಸುತ್ತಾನೆ. ಗಂಟೆಗಟ್ಟಲೆ ಹಿಡಿಯುತ್ತದೆ. ಮೂಳೆ, ನರ, ಕೊಬ್ಬು ಕರಗಿದಂತೆ ಮರೆಯಾಗುತ್ತವೆ. ಕೊನೆಗೆ ಉಗುರುಗಳೂ ಕಣ್ಣಿನ ಹಿಂದಿನ ಹೊಳಪಿನ ಪೊರೆಯೂ ಮಾತ್ರ ಉಳಿಯುತ್ತವೆ. ಮುದುಕಿ ಬಂದು ಬಾಗಿಲು ತಟ್ಟುತ್ತಾಳೆ, ನನ್ನ ಬೆಕ್ಕು ಇಲ್ಲಿದೆಯೆ ಎಂದು ಕೇಳುತ್ತಾಳೆ. ಅವಳಿಗಿದ್ದ ಸಂಗಾತಿ ಅದೊಂದೇ. ಗ್ರಿಫಿನ್ ಇಲ್ಲ ಎನ್ನುತ್ತಾನೆ. ಎಚ್ಚರವಾದ ಬೆಕ್ಕು ಕೂಗತೊಡಗುತ್ತದೆ, ಅದನ್ನು ಹಿಡಿಯಲಾಗುವುದಿಲ್ಲ, ಕಿಟಕಿ ತೆರೆದು ಹೊರಗೆ ಬಿಡುತ್ತಾನೆ. ನಾಲ್ಕು ದಿನ ಕಳೆದ ಮೇಲೂ ಅದು ಬದುಕಿತ್ತು ಎಂದು ಅವನಿಗೆ ಗೊತ್ತು. ಬೀದಿಯ ಚರಂಡಿಯ ಜಾಲರಿಯ ಸುತ್ತ ಜನ ನಿಂತು ಮಿಯಾವ್ ಎಲ್ಲಿಂದ ಬರುತ್ತಿದೆ ಎಂದು ನೋಡುತ್ತಿದ್ದುದನ್ನು ಅವನು ಕಂಡಿದ್ದ.

ಜೀವಂತ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಕಡಿವಾಣ ಹಾಕುವ ಕಾನೂನು ಬ್ರಿಟನ್ನಿನಲ್ಲಿ 1876ರಲ್ಲೇ ಬಂದಿತ್ತು. ಮನೆಯೊಡೆಯ ಬಂದು ಆ ಕಾನೂನನ್ನು ನೆನಪಿಸಿ, ಈ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳುತ್ತಾನೆ. ಕೇಳುವ ಹಕ್ಕು ಅವನಿಗಿತ್ತು. ಗ್ರಿಫಿನ್‌ಗೆ ಹೊಳೆದ ಉತ್ತರ ತಾನೂ ಮಾಯವಾಗುವುದು, ಸುಳಿವು ಉಳಿಯದಂತೆ ಮನೆಗೆ ಬೆಂಕಿ ಇಡುವುದು. ಆ ಮನೆಯಲ್ಲಿ ಇತರ ಸಂಸಾರಗಳಿದ್ದವು. ಅವರ ಗತಿ ಏನಾಯಿತೆಂದು ಅವನು ಹಿಂತಿರುಗಿ ನೋಡಲೂ ಇಲ್ಲ.

ಅವನು ಬೀದಿಗಿಳಿದದ್ದು ಜನವರಿಯ ಚಳಿಯಲ್ಲಿ, ಬತ್ತಲೆಯಾಗಿ. ಚಕ್ರವರ್ತಿಯಂತೆ ಹೊರಟವನಿಗೆ ಕೆಲವೇ ನಿಮಿಷಗಳಲ್ಲಿ ಲೋಕ ಬೇರೆಯೇ ಆಯಿತು. ದಾರಿಹೋಕರು ಡಿಕ್ಕಿ ಹೊಡೆಯುತ್ತಾರೆ, ನಾಯಿ ವಾಸನೆ ಹಿಡಿದು ಬೆನ್ನಟ್ಟುತ್ತದೆ. ಕೆಸರು ಮೆತ್ತಿದ ಪಾದಗಳು ಬಿಳಿ ಮೆಟ್ಟಿಲಿನ ಮೇಲೆ ಗುರುತು ಬಿಡುತ್ತವೆ. ಇಬ್ಬರು ಹುಡುಗರು ಅದನ್ನು ಪತ್ತೆ ಮಾಡುತ್ತಾರೆ: ಬರಿಗಾಲಿನ ಗುರುತು ಮೆಟ್ಟಿಲು ಹತ್ತಿದೆ, ಇಳಿದಿಲ್ಲ. ನಿಂತಲ್ಲೇ ಹೊಸ ಗುರುತು ಮೂಡುವುದನ್ನು ಕಂಡು ಬೆನ್ನಿಗೆ ಬೀಳುತ್ತಾರೆ. ಹಿಮ ಬಿದ್ದರೆ ಮೈಮೇಲೆ ನಿಲ್ಲುತ್ತದೆ. ಉಂಡದ್ದು ಜೀರ್ಣವಾಗುವವರೆಗೂ ಹೊಟ್ಟೆಯಲ್ಲಿ ಕಾಣುತ್ತದೆ.

ಈ ಹೆಜ್ಜೆಗುರುತಿನ ಕಥೆ ನಮ್ಮ ಕಡೆಯದೊಂದನ್ನು ನೆನಪಿಸುತ್ತದೆ. ಬೌದ್ಧರ ಮಾಧ್ಯಮಿಕ ದರ್ಶನದ ಆಚಾರ್ಯ ನಾಗಾರ್ಜುನರ ಚರಿತ್ರೆಯೊಂದು ಅನುವಾದಕ ಕುಮಾರಜೀವರ ಹೆಸರಿನಲ್ಲಿ ಚೀನೀ ಭಾಷೆಯಲ್ಲಿ ಉಳಿದಿದೆ. ಯೌವನದಲ್ಲಿ ನಾಗಾರ್ಜುನರೂ ಮೂವರು ಗೆಳೆಯರೂ ಮಾಂತ್ರಿಕನೊಬ್ಬನಿಂದ ಅದೃಶ್ಯವಾಗುವ ಔಷಧಿ ಪಡೆದು ಅರಮನೆಯ ಅಂತಃಪುರಕ್ಕೆ ನುಗ್ಗುತ್ತಾರೆ. ಹೆಂಗಸರು ಗರ್ಭಿಣಿಯರಾಗುತ್ತಾರೆ, ರಾಜ ಕಂಗಾಲಾಗುತ್ತಾನೆ. ಮಂತ್ರಿಯ ಸಲಹೆ ಸರಳ: ಬಾಗಿಲುಗಳಲ್ಲಿ ನುಣ್ಣನೆಯ ಮಣ್ಣು ಹರಡಿ. ಭೂತವಾದರೆ ಗುರುತು ಮೂಡದು, ಮನುಷ್ಯನಾದರೆ ಮೂಡುತ್ತದೆ. ಗುರುತು ಮೂಡುತ್ತದೆ. ಭಟರು ಬರಿಗಾಳಿಯಲ್ಲಿ ಕತ್ತಿ ಬೀಸುತ್ತಾರೆ, ಮೂವರು ಗೆಳೆಯರು ಸಾಯುತ್ತಾರೆ. ಕತ್ತಿ ಬೀಸಬಾರದ ಒಂದೇ ಜಾಗವಾದ ರಾಜನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತ ನಾಗಾರ್ಜುನರು ಬದುಕುತ್ತಾರೆ. ಆಸೆಯೇ ದುಃಖದ ಬೇರು ಎಂದು ಅಲ್ಲಿ ಅರಿವಾಗಿ ಸನ್ಯಾಸಿಯಾಗುತ್ತಾರೆ. ವೆಲ್ಸ್ ಇದನ್ನು ಓದಿದ್ದರು ಎಂದು ನಾನು ಹೇಳುತ್ತಿಲ್ಲ. ಕಾಲು ನೆಲದ ಮೇಲಿರುವವರೆಗೂ ಮನುಷ್ಯ ನೆಲಕ್ಕೆ ಲೆಕ್ಕ ಕೊಡಬೇಕು ಎಂಬುದು ಎರಡು ಕಡೆಯ ಕಥೆಗಾರರಿಗೂ ಹೊಳೆದಿದೆ. ನಾಗಾರ್ಜುನರಿಗೆ ಮೂರು ಹೆಣಗಳ ನಡುವೆ ಕಣ್ಣು ತೆರೆಯಿತು. ಗ್ರಿಫಿನ್‌ಗೆ ತಂದೆಯ ಹೆಣದ ಮುಂದೆಯೂ ತೆರೆಯಲಿಲ್ಲ.

ಅದೃಶ್ಯವಾಗುವ ಆಸೆ ರಾಜ್ಯಗಳಿಗೂ ಹೊಸದಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದ ತಾಳೆಗರಿಯಿಂದ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದ ಹದಿನಾಲ್ಕನೆಯ ಅಧಿಕರಣದಲ್ಲಿ ಯಾರಿಗೂ ಕಾಣದಂತೆ ಓಡಾಡುವ ಅಂಜನ, ಚೂರ್ಣಗಳ ವಿಧಿಗಳಿವೆ. ಶತ್ರುವಿನ ಮೇಲೆ ಬಳಸುವ ಗುಟ್ಟಿನ ಉಪಾಯಗಳ ನಡುವೆ ಅವು ಬರುತ್ತವೆ.

ಪ್ಲೇಟೋನ ‘ರಿಪಬ್ಲಿಕ್’ ಎರಡನೆಯ ಪುಸ್ತಕದಲ್ಲಿ ಲಿಡಿಯದ ಕುರುಬನೊಬ್ಬನಿಗೆ ಅದೃಶ್ಯವಾಗುವ ಉಂಗುರ ಸಿಗುವ ಕಥೆಯಿದೆ. ಆ ಉಂಗುರ ಕೊಟ್ಟರೆ ಒಳ್ಳೆಯವನೂ ಕೆಟ್ಟವನೂ ಒಂದೇ ರೀತಿ ನಡೆದುಕೊಳ್ಳುತ್ತಾರೆ, ಜನ ನೋಡುತ್ತಾರೆ ಎಂಬ ಭಯದಿಂದಲೇ ನಾವೆಲ್ಲ ಒಳ್ಳೆಯವರು, ಎಂಬ ವಾದವನ್ನು ಆ ಸಂವಾದದ ಪಾತ್ರವಾದ ಗ್ಲಾಕನ್ ಮುಂದಿಡುತ್ತಾನೆ. ಇದಕ್ಕೆ ನನ್ನಲ್ಲಿರುವ ಉತ್ತರ ಮಹಾಭಾರತದ ನಳ. ಕನ್ನಡಿಗರಿಗೆ ಕನಕದಾಸರ ನಳಚರಿತ್ರೆಯಿಂದ ಅವನು ಮನೆಯವನೇ. ದೇವತೆಗಳು ಅವನನ್ನು ದಮಯಂತಿಯ ಬಳಿಗೆ ದೂತನಾಗಿ ಕಳಿಸುತ್ತಾರೆ. ಕಾವಲಿರುವ ಅಂತಃಪುರಕ್ಕೆ ಹೋಗುವುದು ಹೇಗೆ ಎಂದರೆ ಯಾರ ಕಣ್ಣಿಗೂ ಬೀಳದೆ ಒಳಗೆ ಹೋಗುವ ಶಕ್ತಿ ಕೊಡುತ್ತಾರೆ. ತಾನು ಪ್ರೀತಿಸುವ ಹೆಣ್ಣಿನ ಕೋಣೆ, ತಡೆಯುವವರಿಲ್ಲ, ಕಾಣುವವರಿಲ್ಲ. ನಳ ಅವಳ ಎದುರು ಕಾಣಿಸಿಕೊಂಡು, ಹೆಸರು ಹೇಳಿ, ತನ್ನ ಪ್ರತಿಸ್ಪರ್ಧಿಗಳ ಸಂದೇಶವನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಾನೆ. ಹಿಂದಿರುಗಿ ಅವಳು ಹೇಳಿದ್ದನ್ನೂ ಇದ್ದಂತೆ ವರದಿ ಮಾಡುತ್ತಾನೆ. ಅದೃಶ್ಯತೆ ಮನುಷ್ಯನನ್ನು ಕೆಡಿಸಲೇಬೇಕು ಎಂಬ ನಿಯಮವಿಲ್ಲ. ಅವನು ಯಾವ ಕೆಲಸದ ಮೇಲೆ, ಯಾರಿಗೆ ಉತ್ತರ ಹೇಳಬೇಕಾದವನಾಗಿ ಹೋಗಿದ್ದಾನೆ ಎಂಬುದನ್ನು ಕೇಳಬೇಕು.

ಗ್ರಿಫಿನ್ ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಡ್ರೂರಿ ಲೇನ್ ಹತ್ತಿರದ ನಾಟಕದ ಉಡುಪಿನ ಅಂಗಡಿಯಲ್ಲಿ ಗೂನುಬೆನ್ನಿನ ಮುದುಕನ ತಲೆಗೆ ಹೊಡೆದು, ಬಾಯಿಗೆ ಬಟ್ಟೆ ತುರುಕಿ, ಹಾಸಿಗೆ ಬಟ್ಟೆಯಲ್ಲಿ ಮೂಟೆ ಕಟ್ಟಿ ಬರುತ್ತಾನೆ. ಕೇಳುತ್ತಿದ್ದ ಕೆಂಪ್, ಮನುಷ್ಯರೊಳಗಿನ ಸಾಮಾನ್ಯ ಮರ್ಯಾದೆ ಎಂದೇನೋ ತಡವರಿಸಿದಾಗ, ಅದು ಸಾಮಾನ್ಯ ಜನರಿಗೆ ಎಂದುಬಿಡುತ್ತಾನೆ. ಇಲ್ಲೇ ಅವನಿಗೆ ತನ್ನ ಗೆಲುವಿನ ಬರಿದುತನವೂ ಗೊತ್ತಾಗಿದೆ. ಕಾಣಿಸಿಕೊಳ್ಳಲಾಗದ ಕಡೆ ಪದವಿ ಇದ್ದೇನು? ಬಯಸಿದ್ದನ್ನೆಲ್ಲ ಪಡೆಯಬಹುದು, ಅನುಭವಿಸುವಂತಿಲ್ಲ. ಅದೃಶ್ಯತೆ ಎರಡಕ್ಕೆ ಮಾತ್ರ ಉಪಯೋಗ: ತಪ್ಪಿಸಿಕೊಳ್ಳಲು, ಹತ್ತಿರ ಹೋಗಲು. ಹಾಗಾದರೆ ಕೊಲ್ಲಲು ಬಹಳ ಅನುಕೂಲ. ಈ ತರ್ಕವನ್ನು ಅವನು ಸಿಟ್ಟಿನಲ್ಲಿ ಹೇಳುವುದಿಲ್ಲ. ಸೂಚ್ಯಂಕವನ್ನು ವಿವರಿಸಿದ ಅದೇ ದನಿಯಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತಾನೆ. ಊರೊಂದನ್ನು ಹಿಡಿದು ಭಯದಿಂದ ಆಳುವ ಯೋಜನೆಗೆ ಕೆಂಪ್‌ನನ್ನು ಜೊತೆಗೆ ಕರೆಯುತ್ತಾನೆ.

ಅವನು ಕೊಂದದ್ದು ವಿಕ್‌ಸ್ಟೀಡ್ ಎಂಬ ನಿರುಪದ್ರವಿಯನ್ನು. ನಲವತ್ತೈದು ದಾಟಿದ, ಮಧ್ಯಾಹ್ನದ ಊಟಕ್ಕೆ ಮನೆಗೆ ನಡೆದು ಹೋಗುತ್ತಿದ್ದ ಎಸ್ಟೇಟ್ ಪಾರುಪತ್ಯಗಾರ. ಆಗಿರಬಹುದಾದದ್ದನ್ನು ವೆಲ್ಸ್ ಹೀಗೆ ಊಹಿಸುತ್ತಾರೆ: ಗಾಳಿಯಲ್ಲಿ ತಾನೇ ಚಲಿಸುವ ಕಬ್ಬಿಣದ ಸರಳನ್ನು ಕಂಡು ಆ ಮನುಷ್ಯ ಬೆರಗಾಗಿ ಹಿಂದೆ ಹೋಗಿರಬೇಕು. ಕುತೂಹಲಕ್ಕೆ ಸತ್ತ. ಕುತೂಹಲವೇ ಬಂಡವಾಳವಾಗಿದ್ದ ವಿಜ್ಞಾನಿಯ ಕೈಯಲ್ಲಿ. ಆಮೇಲೆ ಸಂಜೆಯ ಹೊತ್ತಿಗೆ ಹೊಲದಲ್ಲಿದ್ದವರಿಗೆ ಒಂದು ದನಿ ಕೇಳಿಸುತ್ತದೆ. ಅಳು, ನಗು, ನರಳಾಟ, ಆಗಾಗ ಕೂಗು, ಹೊಲದ ನಡುವೆ ಹಾದು ಗುಡ್ಡದತ್ತ ಹೋಗುತ್ತದೆ. ತಂದೆಯ ಗೋರಿಯ ಬಳಿ ಬಾರದ ಅಳು ಅಲ್ಲಿ ಬಂದಿರಬಹುದೆ? ಹೇಳುವಂತಿಲ್ಲ. ಮುಖ ಕಾಣದವನ ಅಳುವನ್ನು ಓದುವುದು ಹೇಗೆ?

1933ರಲ್ಲಿ ಜೇಮ್ಸ್ ವೇಲ್ ಈ ಕಾದಂಬರಿಯನ್ನು ಸಿನಿಮಾ ಮಾಡಿದರು, ಕ್ಲಾಡ್ ರೇನ್ಸ್ ನಟಿಸಿದರು. ಒಳ್ಳೆಯ ಸಿನಿಮಾ. ಅದರಲ್ಲಿ ಮಾಡಿದ ಒಂದು ಬದಲಾವಣೆಯನ್ನು ಮಾತ್ರ ನಾನು ಒಪ್ಪಲಾರೆ. ಅಲ್ಲಿ ಅದೃಶ್ಯವಾಗಿಸುವ ಔಷಧಿಯೇ ಹುಚ್ಚು ಹಿಡಿಸುತ್ತದೆ. ಅಂದರೆ ಅಪರಾಧವೆಲ್ಲ ಸೀಸೆಯೊಳಗಿನದು, ಮನುಷ್ಯ ಪಾಪದವನು. ವೆಲ್ಸ್ ಅಂಥ ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ. ಅವರ ಗ್ರಿಫಿನ್ ಕಡೆಯವರೆಗೂ ಲೆಕ್ಕ ತಪ್ಪದ ಬುದ್ಧಿವಂತ. 1987ರ ಹಿಂದಿ ಸಿನಿಮಾ ‘ಮಿಸ್ಟರ್ ಇಂಡಿಯಾ’ದಲ್ಲಿ ವಿಜ್ಞಾನಿ ತಂದೆಯ ಅದೃಶ್ಯ ಯಂತ್ರ ಅನಾಥ ಮಕ್ಕಳನ್ನು ಸಾಕುವ ಮಗನ ಕೈಗೆ ಬರುತ್ತದೆ. ಅದು ಬೇರೆ ದಾರಿ, ನಳನ ದಾರಿಗೆ ಹತ್ತಿರದ್ದು.

ನಿಜವಾದ ವಿಜ್ಞಾನದಲ್ಲಿ ಇಂಥ ಮುಚ್ಚಿದ ಬಾಗಿಲಿನ ಕಥೆ ಇದೆಯೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯಾನ್ ಹೆಂಡ್ರಿಕ್ ಶೋನ್ ಎಂಬ ಯುವ ಭೌತವಿಜ್ಞಾನಿ ಕೆಲವೇ ವರ್ಷಗಳಲ್ಲಿ ಬೆರಗು ಹುಟ್ಟಿಸುವ ಪ್ರಬಂಧಗಳನ್ನು ಸಾಲುಸಾಲಾಗಿ ಪ್ರಕಟಿಸಿದರು. ಬೇರೆ ಯಾರಿಗೂ ಆ ಫಲಿತಾಂಶ ಮರಳಿ ಬರಲಿಲ್ಲ. ಕೊನೆಗೆ ಸಿಕ್ಕಿಬಿದ್ದದ್ದು ಒಂದು ಸಣ್ಣ ಗುರುತಿನಿಂದ. ಬೇರೆ ಬೇರೆ ಪ್ರಯೋಗಗಳ ನಕ್ಷೆಗಳಲ್ಲಿ, ಯಾದೃಚ್ಛಿಕವಾಗಿರಬೇಕಾದ ಅಂಕುಡೊಂಕು ತದ್ರೂಪವಾಗಿತ್ತು. ಪ್ರಕೃತಿ ಒಂದೇ ಅಂಕುಡೊಂಕನ್ನು ಎರಡು ಸಲ ಬರೆಯುವುದಿಲ್ಲ. 2002ರ ತನಿಖಾ ಸಮಿತಿ 24 ಆರೋಪಗಳನ್ನು ಪರಿಶೀಲಿಸಿ 16ರಲ್ಲಿ ದುರ್ನಡತೆಯನ್ನು ಕಂಡಿತು. ಕ್ರಮವಾಗಿ ಬರೆದಿಟ್ಟ ಪ್ರಯೋಗ ಪುಸ್ತಕಗಳು ಇರಲಿಲ್ಲ, ಮೂಲ ದತ್ತಾಂಶ ಅಳಿಸಿಹೋಗಿತ್ತು. ಯಾರ ತಲೆಯೂ ಒಡೆಯಲಿಲ್ಲ, ಯಾರ ಮನೆಯೂ ಸುಡಲಿಲ್ಲ, ನಿಜ. ಆದರೆ ಆ ಪ್ರಬಂಧಗಳನ್ನು ನಂಬಿ ತಮ್ಮ ಪಿಎಚ್‌ಡಿಯ ವರ್ಷಗಳನ್ನು ಸುರಿದ ಹುಡುಗ ಹುಡುಗಿಯರು ಬೇರೆ ಬೇರೆ ಪ್ರಯೋಗಶಾಲೆಗಳಲ್ಲಿದ್ದರು. ಅವರ ಬಗ್ಗೆ ಯಾರೂ ಕಾದಂಬರಿ ಬರೆದಿಲ್ಲ.

ಮತ್ತೆ ಕೆಂಪ್ ಕಡೆಗೆ. ಅವನು ರಾಯಲ್ ಸೊಸೈಟಿಯ ಸದಸ್ಯತ್ವದ ಆಸೆಯಿರುವ ಸಭ್ಯ ವಿಜ್ಞಾನಿ. ಗೆಳೆಯನಿಗೆ ಊಟ, ಬಟ್ಟೆ, ಹಾಸಿಗೆ ಕೊಟ್ಟು, ಕಥೆ ಕೇಳುವ ಮೊದಲೇ ಪೊಲೀಸರಿಗೆ ಚೀಟಿ ಕಳಿಸುತ್ತಾನೆ. ಅವನು ಸರಿಯಾದದ್ದನ್ನೇ ಮಾಡಿದ. ಆದರೆ ಆ ಮೇಲೆ ಅವನು ಕೊಡುವ ಸಲಹೆ ನನ್ನನ್ನು ಇಂದಿಗೂ ಕಾಡುತ್ತದೆ. ಬರಿಗಾಲಿನವನನ್ನು ಹಿಡಿಯಲು ರಸ್ತೆಗಳ ಮೇಲೆ ಗಾಜಿನ ಪುಡಿ ಚೆಲ್ಲೋಣ ಎನ್ನುತ್ತಾನೆ. ಕೇಳಿದ ಪೊಲೀಸ್ ಅಧಿಕಾರಿಗೇ ಹಿಂಜರಿಕೆಯಾಗುತ್ತದೆ. ಅದೇ ಬೆಳಗ್ಗೆ ಗ್ರಿಫಿನ್ ಅವನಿಗೆ ವಕ್ರೀಭವನದ ಪಾಠ ಹೇಳಿದ್ದು ಅದೇ ಗಾಜಿನ ಪುಡಿಯ ಉದಾಹರಣೆಯಿಂದ. ಒಬ್ಬ ಕೇಳಿದ, ಇನ್ನೊಬ್ಬ ಹೇಳಿದ, ಇಬ್ಬರೂ ಒಂದೇ ಕಾಲೇಜಿನವರು. ಅವನು ಮನುಷ್ಯಕುಲದಿಂದ ತಾನೇ ಕತ್ತರಿಸಿಕೊಂಡ ಎಂಬ ಸಮರ್ಥನೆ ಕೆಂಪ್‌ನ ಬಾಯಲ್ಲಿ ಸಲೀಸಾಗಿ ಬರುತ್ತದೆ. ಅಮಾನುಷನೊಬ್ಬನ ಎದುರು ನಿಂತಾಗ ನಮ್ಮೊಳಗಿನ ಮಾನುಷ ಎಷ್ಟು ಬೇಗ ಸವೆಯುತ್ತದೆ ಎಂಬುದೂ ವಿಜ್ಞಾನದ ದುರುಪಯೋಗದ ಪರಿಣಾಮಗಳಲ್ಲೊಂದು.

ಕೊನೆಗೆ ರಸ್ತೆ ಕೆಲಸದ ಕೂಲಿಯೊಬ್ಬನ ಗುದ್ದಲಿಯ ಪೆಟ್ಟು ಬೀಳುತ್ತದೆ. ಜನ ಮೇಲೆರಗಿ ತುಳಿಯುತ್ತಾರೆ. ಈಗ ಕೆಂಪ್, ದೂರ ಸರಿಯಿರಿ, ಅವನಿಗೆ ಪೆಟ್ಟಾಗಿದೆ ಎಂದು ಕೂಗುತ್ತಾನೆ, ಬರಿಗಾಳಿಯಲ್ಲಿ ಕೈಯಾಡಿಸಿ ಎದೆಬಡಿತ ಹುಡುಕುತ್ತಾನೆ. ಗುಂಪಿನಲ್ಲಿದ್ದ ಒಬ್ಬ ಮುದುಕಿ ಮೊದಲು ಕಿರುಚುತ್ತಾಳೆ. ನೆಲದ ಮೇಲೆ ಮೂಡಿದ್ದು ಒಂದು ಕೈ: ಗಾಜಿನಂತೆ, ನರ, ರಕ್ತನಾಳ, ಮೂಳೆ ಬೇರೆ ಬೇರೆಯಾಗಿ ಕಾಣುವಂತೆ. ಆಮೇಲೆ ಪಾದ, ಎದೆ, ಜಜ್ಜಿಹೋದ ಮುಖ. ಮೂವತ್ತರ ಆಸುಪಾಸಿನ ಬತ್ತಲೆ ಯುವಕ, ಬಿಳಿಯ ಕೂದಲು, ಕೆಂಪು ಕಣ್ಣು ತೆರೆದಿವೆ. ಮುಖ ಮುಚ್ಚಿ ಎಂದು ಯಾರೋ ಕೂಗುತ್ತಾರೆ. ತಿಂಗಳುಗಟ್ಟಲೆ ಹುಡುಕಿದ ಮರಳಿ ಕಾಣುವ ದಾರಿ ಸಾವಿನಲ್ಲಿ ತಾನಾಗಿ ಸಿಕ್ಕಿತು, ಕೂಡಲೇ ಜನ ಅದಕ್ಕೆ ಬಟ್ಟೆ ಹೊದಿಸಿದರು.

ಟಿಪ್ಪಣಿ ಪುಸ್ತಕಗಳು ಉಳಿದವು. ಅಲೆಮಾರಿ ಮಾರ್ವೆಲ್ ಈಗ ಹೋಟೆಲಿನ ಯಜಮಾನ. ಭಾನುವಾರ ಬಾಗಿಲು ಹಾಕಿ ಬೀಗದ ಪೆಟ್ಟಿಗೆಯಿಂದ ಮೂರು ಪುಸ್ತಕ ತೆಗೆದು ಪುಟ ಮಗುಚುತ್ತಾನೆ. ಕೆಲವು ಪುಟ ನೀರಿಗೆ ಬಿದ್ದು ತೊಳೆದುಹೋಗಿವೆ, ಉಳಿದ ಗುರುತುಗಳು ಅವನಿಗೆ ಅರ್ಥವಾಗುವುದಿಲ್ಲ. ನಾನಾಗಿದ್ದರೆ ಅವನಂತೆ ಮಾಡುತ್ತಿರಲಿಲ್ಲ ಎಂದುಕೊಳ್ಳುತ್ತಾನೆ, ಏನು ಮಾಡುತ್ತಿದ್ದೆ ಎಂದು ಕನಸು ಕಾಣುತ್ತಾನೆ. ಆ ಪುಸ್ತಕಗಳಿಗಾಗಿ ಕೆಂಪ್ ಬಿಡದೆ ತಡಕಾಡುತ್ತಿದ್ದಾನೆ ಎಂದು ಕೊನೆಯ ಪುಟದಲ್ಲಿ ವೆಲ್ಸ್ ಹೇಳುತ್ತಾರೆ. ಯಾತಕ್ಕೆ ಎಂದು ಹೇಳುವುದಿಲ್ಲ. ರಸ್ತೆಯ ನಡುವೆ ಆ ಕೈ ಮೂಡಿ ಬಂದುದನ್ನು ಹತ್ತಿರದಿಂದ ಕಂಡವನು ಅವನು. ಸುಟ್ಟುಹಾಕಲು ಹುಡುಕುತ್ತಿದ್ದಾನೆಯೆ? ರಾಯಲ್ ಸೊಸೈಟಿಯ ಮುಂದಿಟ್ಟು ಎಲ್ಲರ ಸಮಕ್ಷಮ ಪರೀಕ್ಷಿಸಲೆ? ಅಥವಾ ಬಾಗಿಲು ಹಾಕಿಕೊಂಡು ಒಬ್ಬನೇ ಓದಲೆ? ಗಾಜಿನ ಪುಡಿಯ ಸಲಹೆ ಕೊಟ್ಟವನು ಎಂಬುದನ್ನು ನೆನೆದಾಗ ನನಗೆ ಮೂರನೆಯದರ ಭಯವಾಗುತ್ತದೆ. ಗಾಯಾಳುವಿನ ಎದೆಬಡಿತ ಹುಡುಕಿದವನು ಎಂಬುದನ್ನು ನೆನೆದಾಗ ಎರಡನೆಯದರ ಆಸೆ ಹುಟ್ಟುತ್ತದೆ. ಈ ಸಭೆಯಲ್ಲಿ ಕುಳಿತಿರುವ ಸಂಶೋಧನಾ ವಿದ್ಯಾರ್ಥಿಗಳು ಆ ಪುಟವನ್ನು ಓದಿ, ಕೆಂಪ್‌ಗೆ ಆ ಪುಸ್ತಕಗಳು ಸಿಗಬೇಕಿತ್ತೆ ಬೇಡವೆ ಎಂಬುದನ್ನು ನನ್ನೊಂದಿಗೆ ಚರ್ಚಿಸಬೇಕೆಂದು ಕೇಳಿಕೊಳ್ಳುತ್ತೇನೆ.